ನಡುವಿನ ಹುಲ್ಲು

2007ರ ಬೇಸಿಗೆಗೆ ಮೆಲ್ವಿನ್ ಪಿಂಟೊಗೆ ನಲವತ್ತೊಂದು ತುಂಬಿತು. ಆ ವಯಸ್ಸಿನಲ್ಲೂ ಅವನು ಭುಜಕ್ಕೆ ಪ್ಯಾಡು ಕಟ್ಟಿ, ತಲೆಗೆ ಹೆಲ್ಮೆಟ್ ಏರಿಸಿ, ತನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ಅಮೆರಿಕನ್ ಫುಟ್ಬಾಲ್ ಆಡುತ್ತಿದ್ದ. ಕಾಲಿನಿಂದ ಒದೆಯುವ ಆಟವಲ್ಲ ಅದು. ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಒಬ್ಬರನ್ನೊಬ್ಬರು ಕೆಡವುವ ಆಟ. ಅದರಲ್ಲಿ ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ಇಡೀ ತಂಡ ಅವನ ಕೈಯನ್ನು ನಂಬಿಕೊಂಡಿರುತ್ತದೆ. ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ‘ಕಾರ್ಮರಂಟ್ಸ್’, ಅಂದರೆ ನೀರುಕಾಗೆಗಳು ಎಂಬ ತಂಡ ಎಷ್ಟೋ ವರ್ಷಗಳಿಂದ ಮೆಲ್ವಿನ್ನನ ಕೈಯನ್ನು ನಂಬಿಕೊಂಡಿತ್ತು.

ಈಗ ಆ ನಂಬಿಕೆ ಸ್ವಲ್ಪ ಅಲುಗಾಡಿತ್ತು. ಕ್ಲಬ್ಬಿನ ಅಧ್ಯಕ್ಷ ಯೋರಾನ್ ಊರಿನಲ್ಲಿ ಬಸ್ ಓಡಿಸುವವನು. ಮಾಲ್ಮೊ ಕಡೆಯಿಂದ ಇಪ್ಪತ್ತೆರಡರ ಒಬ್ಬ ಹುಡುಗನನ್ನು ಕರೆತರೋಣ ಎಂದು ಅವನು ಮಾತೆತ್ತಿದ. ಮೆಲ್ವಿನ್‌ಗೆ ವಯಸ್ಸಾಯಿತು ಎಂದು ಕೆಲವರು ತಲೆಯಾಡಿಸಿದರು. ಇಲ್ಲ, ವಯಸ್ಸಾದಷ್ಟೂ ಅವನು ಮಾಗುತ್ತಿದ್ದಾನೆ, ಮೂವತ್ತರಲ್ಲಿ ಆಡಿದ್ದಕ್ಕಿಂತ ಈಗಲೇ ಚೆನ್ನಾಗಿ ಆಡುತ್ತಾನೆ ಎಂದು ಇನ್ನು ಕೆಲವರು ಪಟ್ಟು ಹಿಡಿದರು. ಆ ದೇಶದಲ್ಲಿ ಇಂಥ ಮಾತು ಜಗಳಕ್ಕೆ ಹೋಗುವುದಿಲ್ಲ, ಮೀಟಿಂಗಿಗೆ ಹೋಗುತ್ತದೆ. ಮೀಟಿಂಗಿನಲ್ಲಿ ಕಾಫಿ ಕುಡಿದು, ಅಂಕಿಅಂಶ ನೋಡಿ ತೀರ್ಮಾನಿಸೋಣ ಎಂದು ಎದ್ದರು. ಅಂಕಿಅಂಶ ನೋಡುವವರು ಯಾರು ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಮೆಲ್ವಿನ್ನನ ತಾಯಿ ಕ್ಲೋಟಿಲ್ಡಾಗೆ.

ಕ್ಲೋಟಿಲ್ಡಾ ಕರಾವಳಿಯ ಶಿರ್ವದ ಕಡೆಯವರು. ಗಂಡ ಬೆನೆಡಿಕ್ಟ್ ಇಲ್ಲಿನ ಹಡಗುಕಟ್ಟೆಗೆ ವೆಲ್ಡರ್ ಆಗಿ ಬಂದಾಗ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಹಿಂದೆಯೇ ಬಂದು, ವೃದ್ಧರ ಆರೈಕೆಯ ಮನೆಯೊಂದರಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದರು. ಬೆನೆಡಿಕ್ಟ್ ತೀರಿಹೋಗಿ ಬಹಳ ವರ್ಷವಾಗಿತ್ತು. ಹಿಂದಿನ ಚಳಿಗಾಲದಲ್ಲಿ ಬಸ್ಸಿನಲ್ಲಿ ಒಬ್ಬ ಹೆಂಗಸು ಫೋನಿನಲ್ಲಿ ತನ್ನ ಅಮ್ಮನಿಗೆ ಕನ್ನಡದಲ್ಲಿ ರಸಂ ಪುಡಿ ಮುಗಿದ ಸುದ್ದಿ ಹೇಳುತ್ತಿದ್ದದ್ದು ಅವರ ಕಿವಿಗೆ ಬಿತ್ತು. ಕ್ಲೋಟಿಲ್ಡಾ ತಮ್ಮ ಸ್ಟಾಪು ಬಂದರೂ ಇಳಿಯದೆ ಪಕ್ಕದಲ್ಲಿ ಹೋಗಿ ಕೂತರು. ಆ ಹೆಂಗಸೇ ಭಾನುಮತಿ. ಬೆಂಗಳೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು, ಗಂಡ ನಂದಕುಮಾರನ ಟೆಲಿಕಾಂ ಕೆಲಸದ ಬೆನ್ನಿಗೆ ಬಂದು, ಇಲ್ಲಿ ಬೆಳಿಗ್ಗೆ ಸ್ವೀಡಿಷ್ ಕ್ಲಾಸು, ಮಧ್ಯಾಹ್ನ ಖಾಲಿ ಮನೆ ಎಂದು ದಿನ ಕಳೆಯುತ್ತಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ಕ್ಲೋಟಿಲ್ಡಾ ಅವಳನ್ನು ಮನೆಗೆ ಕರೆದರು. ಒಲೆಯ ಮೇಲೆ ಮೀನು ಕುದಿಯುತ್ತಿತ್ತು. ಹುಣಸೆಹಣ್ಣಿನ ಬದಲು ಅವರು ಹಿತ್ತಲಿನ ರುಬಾರ್ಬಿನ ಹುಳಿದಂಟು ಹಾಕುತ್ತಿದ್ದರು. ಭಾನುಮತಿಯ ಮುಂದೆ ಏಲಕ್ಕಿ ಬನ್ ಇಟ್ಟು, ಎದುರು ಕೂತು ನೇರ ವಿಷಯಕ್ಕೆ ಬಂದರು.

“ನೀನು ಲೆಕ್ಕದ ಟೀಚರ್ ಅಲ್ವಾ ಭಾನು? ನನ್ನ ಮಗ ಮುಂಚಿಗಿಂತ ಚೆಂದ ಆಡ್ತಾನಾ ಇಲ್ವಾ, ಲೆಕ್ಕ ಹಾಕಿ ಹೇಳ್ಬೇಕು ನೀನು.”

“ಆಂಟಿ, ನಂಗೆ ಆ ಗೇಮ್ ಬಗ್ಗೆ ಏನೂ ಗೊತ್ತಿಲ್ಲ.”

“ಆಟ ಗೊತ್ತಿದ್ದವರೆಲ್ಲ ಬಾಯಿಗೆ ಬಂದ ಹಾಗೆ ಮಾತಾಡ್ತಾ ಇದ್ದಾರೆ. ಗೊತ್ತಿಲ್ಲದವಳೇ ಬೇಕು.” ಒಂದು ಕ್ಷಣ ತಡೆದು ಹೇಳಿದರು: “ಅವನು ಆಟ ಬಿಡ್ಲಿಕ್ಕಿಲ್ಲ. ಅಷ್ಟೇ.”

ನಲವತ್ತು ದಾಟಿದ ಮಗ ಏಟು ತಿನ್ನುವ ಆಟ ಬಿಡಬಾರದು ಎಂದು ತಾಯಿಯೊಬ್ಬಳು ಹಂಬಲಿಸುವುದು ಭಾನುಮತಿಗೆ ವಿಚಿತ್ರವೆನಿಸಿತು. ಆದರೆ ಕೆಲಸ ಎಂದು ಯಾರಾದರೂ ಏನಾದರೂ ಕೇಳಿ ಎರಡು ವರ್ಷವಾಗಿತ್ತು. ಅವಳು ಒಪ್ಪಿಕೊಂಡಳು.

ಯೋರಾನ್ ತನ್ನ ಕಂಪ್ಯೂಟರಿನಲ್ಲಿದ್ದ ಹತ್ತು ವರ್ಷದ ಅಂಕಿಗಳನ್ನೆಲ್ಲ ಅವಳಿಗೆ ಕಳಿಸಿದ. ಮೂರು ವಾರ ಅವಳು ಅವುಗಳ ಜೊತೆ ಕೂತಳು. ಬೆಂಗಳೂರು ಬಿಟ್ಟ ಮೇಲೆ ಅಷ್ಟು ಹುಮ್ಮಸ್ಸಿನಿಂದ ಅವಳು ಕೂತದ್ದೇ ಇಲ್ಲ. ನಂದಕುಮಾರ ಆಫೀಸಿನಿಂದ ಬಂದು ಅಡುಗೆಮನೆಯಲ್ಲಿ ತಣ್ಣಗಿದ್ದ ಒಲೆ ನೋಡಿ, “ಏನು ಮೇಡಮ್, ಇವತ್ತೂ ಫುಟ್ಬಾಲೇ ಊಟನಾ?” ಎಂದು ನಕ್ಕು, ತಾನೇ ಅಕ್ಕಿ ತೊಳೆಯುತ್ತಿದ್ದ.

ಉತ್ತರ ಸ್ಪಷ್ಟವಾಗಿತ್ತು. ಮೂವತ್ತೆರಡರ ಮೆಲ್ವಿನ್ ನೂರು ಸಲ ಎಸೆದರೆ ಐವತ್ತೆರಡು ಚೆಂಡು ತನ್ನವರ ಕೈ ಸೇರುತ್ತಿದ್ದವು. ನಲವತ್ತರ ಮೆಲ್ವಿನ್‌ಗೆ ಅರುವತ್ತಾರು. ಎದುರಾಳಿಗಳ ಕೈಗೆ ಸಿಗುತ್ತಿದ್ದ ಚೆಂಡುಗಳು ಮೂರರಲ್ಲೊಂದು ಪಾಲಿಗೆ ಇಳಿದಿದ್ದವು. ಒಂದೊಂದು ಎಸೆತದ ದೂರ ಕಡಿಮೆಯಾಗಿತ್ತು ನಿಜ, ಅದು ವಯಸ್ಸಾದ ಭುಜಕ್ಕೆ ಸಹಜ ಎಂದು ಅವಳು ಬರೆದಳು. ಒಟ್ಟಿನಲ್ಲಿ ಮನುಷ್ಯ ವರ್ಷ ಕಳೆದಂತೆ ಜಾಣನಾಗಿದ್ದ, ತಾಳ್ಮೆ ಕಲಿತಿದ್ದ. ಜೂನ್ ತಿಂಗಳ ಮೀಟಿಂಗಿನಲ್ಲಿ ಭಾನುಮತಿ ತನ್ನ ಹೊಸ ಸ್ವೀಡಿಷಿನಲ್ಲಿ ತಡವರಿಸುತ್ತ ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗರು ಮೇಜು ಬಡಿದರು. ಯೋರಾನ್ ಕೈ ಚೆಲ್ಲಿ, ಸರಿ, ಈ ಸೀಸನ್ ಮೆಲ್ವಿನ್ನೇ ಇರಲಿ ಎಂದ.

ಮೆಲ್ವಿನ್ ಮಾತ್ರ ನಗಲಿಲ್ಲ. ನೆಲ ನೋಡುತ್ತ ಕೂತಿದ್ದವನು ಎದ್ದು ಹೊರಗೆ ಹೋದ. ಕ್ಲೋಟಿಲ್ಡಾ ಭಾನುಮತಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅವರ ಬೆರಳುಗಳು ತಣ್ಣಗಿದ್ದವು.

ತಾನು ಲೆಕ್ಕ ಹಾಕಿದ ಆಟವನ್ನು ಭಾನುಮತಿ ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಮುಂದಿನ ಭಾನುವಾರ ಹೋದಳು. ಬಿಸಿಲಿದ್ದರೂ ಸಮುದ್ರದ ಗಾಳಿ ಕಚ್ಚುತ್ತಿತ್ತು. ಮರದ ಬೆಂಚಿನ ಮೇಲಿನ ಸಾಲಿನಲ್ಲಿ ಕ್ಲೋಟಿಲ್ಡಾ ಒಬ್ಬರೇ ಕೂತಿದ್ದರು, ಮೊಣಕಾಲ ಮೇಲೆ ಕಂಬಳಿ. ಭಾನುಮತಿ ಹೋಗಿ ಪಕ್ಕದಲ್ಲಿ ಕೂತಳು. ಅವರ ಕಣ್ಣು ಮಗನ ಮೇಲಿರಲಿಲ್ಲ. ಮಗನಿಂದ ಬಹು ದೂರ, ಮೈದಾನದ ನಡುವೆ ಆಟಗಾರರು ಯಾರೂ ಇಲ್ಲದ ಹುಲ್ಲಿನ ಮೇಲಿತ್ತು.

ಸ್ವಲ್ಪ ಹೊತ್ತಿನಲ್ಲಿ ಭಾನುಮತಿಗೆ ಇನ್ನೊಂದು ಕಂಡಿತು. ಚೆಂಡು ಕೈಗೆ ಬಂದ ತಕ್ಷಣ ಮೆಲ್ವಿನ್ ಪ್ರತಿ ಸಲವೂ ಮೊದಲು ಅದೇ ಕಡೆ ನೋಡುತ್ತಿದ್ದ. ಕೈ ಮೇಲೇಳುತ್ತಿತ್ತು. ಅರೆಗಳಿಗೆ ಹಾಗೇ ನಿಲ್ಲುತ್ತಿತ್ತು. ಆಮೇಲೆ ಏನೋ ನೆನಪಾದವನಂತೆ ತಿರುಗಿ, ಬದಿಗೆ, ಹತ್ತಿರದಲ್ಲಿದ್ದವನಿಗೆ ಪುಟ್ಟದಾಗಿ ಎಸೆದುಬಿಡುತ್ತಿದ್ದ. ಅವನು ಹಿಡಿಯುತ್ತಿದ್ದ. ಲೆಕ್ಕಕ್ಕೆ ಒಂದು ಸೇರುತ್ತಿತ್ತು.

ಮೈದಾನದ ನಡುವೆ ಉದ್ದಕ್ಕೆ ಒಂದೇ ಒಂದು ಚೆಂಡೂ ಹೋಗಲಿಲ್ಲ.

ಸರಾಸರಿ ಎನ್ನುವುದು ಏನನ್ನು ಮುಚ್ಚಿಡುತ್ತದೆ ಎಂದು ಮೊದಲು ನೋಡಿ ಅಂತ ಕ್ಲಾಸಿನಲ್ಲಿ ವರ್ಷಾನುಗಟ್ಟಲೆ ಹೇಳಿಕೊಂಡು ಬಂದವಳು ಅವಳೇ. ಮರುದಿನ ಯೋರಾನ್‌ನ ಗ್ಯಾರೇಜಿಗೆ ಹೋಗಿ ಹಳೆಯ ಪಂದ್ಯಗಳ ವಿಡಿಯೋ ಟೇಪುಗಳನ್ನು ತಂದು ಒಂದೊಂದಾಗಿ ಹಾಕಿ ನೋಡಿದಳು. ಹಳೆಯ ಮೆಲ್ವಿನ್ ಬೇರೆಯೇ ಮನುಷ್ಯನಾಗಿದ್ದ. ಎಸೆದರೆ ದೂರಕ್ಕೆ, ಆಕಾಶಕ್ಕೆ, ಮೈದಾನದ ನಟ್ಟನಡುವೆ ಎಸೆಯುತ್ತಿದ್ದ. ಅರ್ಧ ಚೆಂಡುಗಳು ಹಾಳಾಗುತ್ತಿದ್ದವು. ಉಳಿದರ್ಧ ನೋಡುವವರ ಎದೆ ಝಲ್ಲೆನ್ನುವಂತಿದ್ದವು. ಅವನ್ನು ಹಿಡಿಯುತ್ತಿದ್ದವನು ಯಾವಾಗಲೂ ಒಬ್ಬನೇ. ಉದ್ದ ಕಾಲಿನ, ಕಪ್ಪು ಮೈಯ ಹುಡುಗ. ಹಿಡಿದ ಮೇಲೆ ಚೆಂಡನ್ನು ತಲೆಯ ಮೇಲಿಟ್ಟುಕೊಂಡು, ಮೀನುಬುಟ್ಟಿ ಹೊತ್ತವಳ ಹಾಗೆ ಸೊಂಟ ಕುಣಿಸಿ ನಡೆಯುತ್ತಿದ್ದ. ಟೇಪಿನಲ್ಲಿ ಜನ ನಗುವುದು ಕೇಳುತ್ತಿತ್ತು.

1999ರ ಆಗಸ್ಟಿನ ಆಚೆ ಅವನು ಯಾವ ಟೇಪಿನಲ್ಲೂ ಇರಲಿಲ್ಲ.

ಹೊಸ ಟೇಪುಗಳಲ್ಲಿ ಅವಳನ್ನು ಕಾಡಿದ್ದು ಇನ್ನೊಂದು ಸಂಗತಿ. ಮೆಲ್ವಿನ್ ನಡುವಿಗೆ ನೋಡಿದಾಗಲೆಲ್ಲ ಎದುರಾಳಿ ತಂಡದ ಕೊನೆಯ ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ, ಯಾರೋ ತನ್ನತ್ತ ಓಡಿಬರುತ್ತಿದ್ದಾರೆ ಎನ್ನುವ ಹಾಗೆ. ಎದುರಾಳಿ ತಂಡ ಬದಲಾದರೂ, ಕಾವಲುಗಾರ ಬದಲಾದರೂ ಅದೇ ಎರಡು ಹೆಜ್ಜೆ. ಎಸೆಯುವವನ ಕಣ್ಣು ಹೋದ ಕಡೆ ಕಾವಲುಗಾರ ಹೋಗುವುದು ಆಟದ ನಿಯಮವೇ ಎಂದು ಯೋರಾನ್ ಹೇಳಿದ. ಅದು ಸರಿಯೇ ಇರಬೇಕು. ಆದರೂ ಅವಳು ಮಧ್ಯಾಹ್ನದ ಬೆಳಕಿನಲ್ಲೇ ಟೀವಿ ಆರಿಸಿ, ಎದ್ದು ಬಾಗಿಲಿನ ಚಿಲಕ ನೋಡಿ ಬಂದಳು.

ಮೆಲ್ವಿನ್ ದ್ವೀಪಗಳ ನಡುವೆ ಓಡುವ ಫೆರ್ರಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಅವನ ಊಟದ ಹೊತ್ತಿಗೆ ಭಾನುಮತಿ ಬಂದರಿಗೆ ಹೋದಳು. ಹಲಗೆಯ ಕಟ್ಟೆಯ ಮೇಲೆ ಕೂತು ಅವನು ಡಬ್ಬಿ ತೆರೆದಿದ್ದ. ಕನ್ನಡ ಅವನಿಗೆ ಊರಿನ ಶಾಲೆಯ ನಾಲ್ಕನೇ ಕ್ಲಾಸಿನಲ್ಲೇ ನಿಂತುಹೋಗಿತ್ತು; ಪದ ಹುಡುಕಿ ಹುಡುಕಿ ಆಡುತ್ತಿದ್ದ.

“ನನ್ನ ರಿಪೋರ್ಟು ತಪ್ಪು ಮೆಲ್ವಿನ್,” ಅವಳು ಹೇಳಿದಳು. “ನೀವು ಇಂಪ್ರೂವ್ ಆಗಿಲ್ಲ. ಕಷ್ಟದ ಥ್ರೋ ಮಾಡೋದನ್ನೇ ಬಿಟ್ಟಿದ್ದೀರ. ಅದಕ್ಕೇ ನಂಬರ್ಸ್ ಚೆನ್ನಾಗಿ ಕಾಣ್ತಿವೆ.”

ಅವನು ತಲೆಯಾಡಿಸಿದ. “ನನಗೆ ಗೊತ್ತುಂಟು.”

“ಆ ಟೇಪಲ್ಲಿರೋ ಹುಡುಗ ಯಾರು?”

“ಆಶ್ಲಿ. ನನ್ನ ತಮ್ಮ.” ಅವನು ಡಬ್ಬಿಯ ಮುಚ್ಚಳ ಹಾಕಿದ. “ಅಮ್ಮ ಹೇಳಲಿಲ್ವಾ?”

ಕ್ಲೋಟಿಲ್ಡಾ ತಮಗೆ ಇಬ್ಬರು ಮಕ್ಕಳು ಎಂದಿದ್ದರು. ಒಬ್ಬ ಇಲ್ಲಿ, ಇನ್ನೊಬ್ಬನೂ ಇಲ್ಲೇ ಎಂದಿದ್ದರು. ಭಾನುಮತಿ ಮುಂದೆ ಕೇಳಿರಲಿಲ್ಲ.

“ಚೆಂಡು ಸ್ವಲ್ಪ ಎತ್ತರ ಹೋಯ್ತು,” ಮೆಲ್ವಿನ್ ಹೇಳಿದ. “ನಡುವಿನಲ್ಲಿ. ಹಿಡಿಯುವವನು ಎರಡೂ ಕೈ ಮೇಲೆ ಮಾಡಿ ಹಾರ್ತಾನೆ, ಯಾರು ಬರ್ತಾರೆ ಅಂತ ಅವನಿಗೆ ಕಾಣುದಿಲ್ಲ. ಕಾವಲಿನವನು ಬಂದು ಹೊಡೆದ. ತಪ್ಪೇನಿಲ್ಲ ಅವನದ್ದು, ಆಟವೇ ಹಾಗೆ. ಆಶ್ಲಿ ಬಿದ್ದ. ಮತ್ತೆ ಎದ್ದ. ನಗಾಡಿದ. ಚೆಂಡು ಬಿಟ್ಟಿರ್ಲಿಲ್ಲ ನೋಡಿ, ಅದಕ್ಕೆ ನಗಾಡಿದ. ಮನೆಗೆ ಬಂದು ತಲೆ ನೋಯ್ತದೆ ಅಂದ. ಅಮ್ಮ ನರ್ಸ್ ಅಲ್ವಾ, ಕಣ್ಣಿಗೆ ಟಾರ್ಚ್ ಹಾಕಿ ನೋಡಿದ್ಲು. ಎಲ್ಲ ಸರಿ ಉಂಟು, ಮಲಗು ಅಂದ್ಲು. ಸೋಮವಾರ ಬೆಳಿಗ್ಗೆ ಏಳಲಿಲ್ಲ.”

ಫೆರ್ರಿ ಒಮ್ಮೆ ಕೂಗಿತು. ಕಂಬದ ಮೇಲಿದ್ದ ನೀರುಕಾಗೆ ಕದಲಲಿಲ್ಲ.

“ಆಮೇಲೂ ಯಾಕೆ ಆಡಿದಿರಿ? ಬಿಟ್ಟುಬಿಡಬಹುದಿತ್ತಲ್ಲ.”

ಮೆಲ್ವಿನ್ನನ ದನಿ ತಗ್ಗಿತು. “ಬಿಡ್ಲಿಕ್ಕೆ ಅಂತಲೇ ಹೋದೆ. ಮುಂದಿನ ವರ್ಷ ಒಂದೇ ಒಂದು ಆಟ ಆಡಿ ಬಿಡುವ ಅಂತ. ಚೆಂಡು ಕೈಗೆ ಬಂತು, ತಲೆ ಎತ್ತಿದೆ. ಅವನು ಓಡ್ತಾ ಇದ್ದ.”

“ಯಾರು?”

“ಅವನೇ. ನಡುವಿನಲ್ಲಿ. ಕೈ ಎತ್ತಿ ತೋರಿಸ್ತಾನೆ, ಎಸಿ, ಎಸಿ ಅಂತ. ಪ್ರತಿ ಸಲ. ಪ್ರತಿ ಆಟ. ಪ್ರಾಕ್ಟೀಸಲ್ಲಿ ಬರುದಿಲ್ಲ, ಮನೆಯಲ್ಲಿ ಬರುದಿಲ್ಲ, ಕನಸಲ್ಲಿಯೂ ಇಲ್ಲ. ಮ್ಯಾಚಲ್ಲಿ ಮಾತ್ರ.” ಅವನು ತನ್ನ ಬಲಗೈಯನ್ನು ಯಾರದೋ ಕೈ ಎನ್ನುವ ಹಾಗೆ ತಿರುಗಿಸಿ ನೋಡಿದ. “ಎಸೆದರೆ ಮತ್ತೆ ಬೀಳ್ತಾನೆ ಅಂತ ಹೆದರಿಕೆ. ಆಟ ಬಿಟ್ಟರೆ ಕಾಣುದೇ ಇಲ್ಲ. ನಾನು ಏನು ಮಾಡ್ಬೇಕು, ನೀವು ಹೇಳಿ.”

ಹುಚ್ಚು ಎನ್ನಲು ಭಾನುಮತಿಗೆ ಆಗಲಿಲ್ಲ. ಎದುರಿಗಿದ್ದವನು ಇಂಜಿನ್ ರಿಪೇರಿ ಮಾಡುವ, ಮಾತು ಅಳೆದು ಆಡುವ, ನರೆತ ಮೀಸೆಯ ಮನುಷ್ಯ. ನಿಜ ಎನ್ನಲೂ ಆಗಲಿಲ್ಲ. “ಅಮ್ಮನಿಗೆ ಹೇಳಿದ್ದೀರಾ?” ಎಂದಷ್ಟೇ ಕೇಳಿದಳು.

“ಅಮ್ಮನಿಗಾ? ಅವಳ ಮಗನನ್ನು ಕೊಂದ ಚೆಂಡು ನನ್ನದು. ಅವನು ನನಗೆ ಕಾಣ್ತಾನೆ ಅಂತ ಯಾವ ಬಾಯಲ್ಲಿ ಹೇಳುದು?”

ತನ್ನ ರಿಪೋರ್ಟನ್ನು ತಿದ್ದಲೇಬೇಕು ಎಂದು ಭಾನುಮತಿಗೆ ಅನಿಸಿತು. ತಪ್ಪು ಉತ್ತರ ಕೊಟ್ಟು ಸುಮ್ಮನಿರುವುದು ಅವಳ ಜಾಯಮಾನವಲ್ಲ. ಆದರೆ ಕೇಳಿದವರು ಕ್ಲೋಟಿಲ್ಡಾ, ಅವರಿಗೇ ಮೊದಲು ಹೇಳಬೇಕು. ಅವರ ಮನೆಗೆ ಹೋದಾಗ ಅವರು ಹಿತ್ತಲಲ್ಲಿ ರುಬಾರ್ಬಿನ ದಂಟು ಕೊಯ್ಯುತ್ತಿದ್ದರು. ಮೆಲ್ವಿನ್ ಆಡಿದ್ದೇನನ್ನೂ ಬಾಯಿಬಿಡದೆ, ಅಂಕಿಗಳ ಮಾತನ್ನಷ್ಟೇ ಅವಳು ಹೇಳಿದಳು: ಅವನು ನಡುವಿಗೆ ಎಸೆಯುತ್ತಿಲ್ಲ, ಹಾಗಾಗಿ ಲೆಕ್ಕ ಚೆಂದ ಕಾಣುತ್ತದೆ, ಇದನ್ನು ಕ್ಲಬ್ಬಿಗೆ ತಿಳಿಸಬೇಕು.

ಕ್ಲೋಟಿಲ್ಡಾ ಚಾಕು ಕೆಳಗಿಟ್ಟರು.

“ಹೇಳಿದ್ರೆ ಅವನನ್ನು ತೆಗಿತಾರೆ.”

“ಇರಬಹುದು ಆಂಟಿ.”

“ಬೇಡ ಭಾನು. ನಾನು ಎಲ್ಲಿಗೆ ಹೋಗ್ಬೇಕು ಆಗ?”

ಆ ಮಾತು ಭಾನುಮತಿಗೆ ಅರ್ಥವಾಗಲಿಲ್ಲ. ಕ್ಲೋಟಿಲ್ಡಾ ಸೆರಗಿಲ್ಲದ ಉಡುಪಿನಲ್ಲೂ ಸೆರಗು ಹುಡುಕುವವರಂತೆ ಎದೆಯ ಬಳಿ ಕೈಯಾಡಿಸಿದರು. ಆಮೇಲೆ, ಮಳೆಯ ಬಗ್ಗೆ ಮಾತಾಡುವಷ್ಟು ಸಹಜವಾಗಿ ಹೇಳಿದರು: “ಆಶ್ಲಿ ಅಲ್ಲಿ ಓಡ್ತಾನೆ. ಬೆಂಚಿನ ಮೇಲಿನ ಸಾಲಿನಿಂದ ಚೆಂದ ಕಾಣ್ತದೆ. ಮುಖ ಕಾಣುದಿಲ್ಲ, ಹೆಲ್ಮೆಟ್ ಉಂಟಲ್ಲ. ಆದರೆ ಓಟ ನನಗೆ ಗೊತ್ತಾಗ್ತದೆ. ನಾನಲ್ವಾ ನಡಿಲಿಕ್ಕೆ ಕಲಿಸಿದ್ದು?”

ಭಾನುಮತಿ ಬಗ್ಗಿ, ಕೊಯ್ದ ದಂಟುಗಳನ್ನು ಹೆಕ್ಕತೊಡಗಿದಳು.

“ಮೆಲ್ವಿನ್‌ಗೆ ವಯಸ್ಸಾಗ್ತಾ ಉಂಟು,” ಕ್ಲೋಟಿಲ್ಡಾ ಹೇಳುತ್ತಲೇ ಇದ್ದರು. “ಕಾಲು ಎಳಿತಾನೆ, ಉಸಿರು ಬರುದಿಲ್ಲ. ಆಶ್ಲಿ ಮಾತ್ರ ಇಪ್ಪತ್ತಾರೇ. ಒಂದು ಚೂರೂ ಸೋಲುದಿಲ್ಲ. ಮೆಲ್ವಿನ್ ಆಡುವಾಗ ಮಾತ್ರ ಬರ್ತಾನೆ. ಒಮ್ಮೆ ಕಾಲು ಉಳುಕಿ ಮೆಲ್ವಿನ್ ಮನೆಯಲ್ಲಿದ್ದ, ನಾನೊಬ್ಬಳೇ ಹೋಗಿ ನೋಡಿದೆ. ಆಶ್ಲಿ ಬರ್ಲಿಲ್ಲ.” ಅವರು ಅವಳ ಕಡೆ ತಿರುಗಿದರು. “ಮೆಲ್ವಿನ್‌ಗೆ ಇದನ್ನು ಹೇಳ್ಬೇಡ. ಅವನು ಈಗಲೇ ಅರ್ಧ ಸತ್ತಿದ್ದಾನೆ.”

ಆ ದಿನ ಮನೆಗೆ ನಡೆದುಹೋಗುವಾಗ ಭಾನುಮತಿ ಎರಡು ಸಲ ದಾರಿ ತಪ್ಪಿದಳು. ಒಂದೇ ಮನೆಯಲ್ಲಿ ಒಂದೇ ಮೇಜಿಗೆ ಕೂತು ಉಣ್ಣುವ ಇಬ್ಬರು, ಎಂಟು ವರ್ಷದಿಂದ ಒಬ್ಬನನ್ನೇ ನೋಡುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಇಬ್ಬರ ಗುಟ್ಟೂ ಈಗ ಅವಳ ಬಳಿ ಇತ್ತು. ರಿಪೋರ್ಟು ತಿದ್ದುವ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ನಂದಕುಮಾರನಿಗೆ ಹೇಳಿದಾಗ ಅವನು, “ನೀನು ಸ್ವಲ್ಪ ದಿನ ಆ ಕಡೆ ಹೋಗ್ಬೇಡ ಭಾನು,” ಎಂದ. ಅವಳು ಹೋಗದೆ ಇರಲಿಲ್ಲ. ಬೆಂಚಿನ ಮೇಲೆ ಕ್ಲೋಟಿಲ್ಡಾ ಪಕ್ಕ ಕೂತು ಅವಳೂ ಆ ಹುಲ್ಲನ್ನೇ ದಿಟ್ಟಿಸುತ್ತಿದ್ದಳು. ಅವಳಿಗೆ ಹುಲ್ಲು ಮಾತ್ರ ಕಂಡಿತು. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ತನಗೆ ಮಾತ್ರ ಕಾಣುತ್ತಿಲ್ಲ ಎಂಬ ದಿಗಿಲು ಹತ್ತಿತು.

ಆಗಸ್ಟಿನ ಕೊನೆಯ ಪಂದ್ಯದ ಹಿಂದಿನ ದಿನ ಮೆಲ್ವಿನ್ ಅವಳಿಗೆ ಫೋನ್ ಮಾಡಿದ.

“ಅಮ್ಮ ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?”

ಸುಳ್ಳು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಹೇಳಬೇಡ ಎಂದದ್ದನ್ನು ಹೇಳಲೂ ಬರಲಿಲ್ಲ. “ನೀವೇ ಅವರನ್ನ ಕೇಳಿ ಮೆಲ್ವಿನ್,” ಎಂದಳು. “ಅವರು ಮ್ಯಾಚಲ್ಲಿ ಯಾವ ಕಡೆ ನೋಡ್ತಾರೆ ಅಂತ ಒಂದ್ಸಲ ನೋಡಿ.”

ಆ ಕಡೆ ಫೋನ್ ಇಟ್ಟ ಸದ್ದಾಯಿತು.

ಮರುದಿನದ ಪಂದ್ಯವನ್ನು ಕಾರ್ಮರಂಟ್ಸ್ ಬಹುತೇಕ ಗೆದ್ದಾಗಿತ್ತು. ನಾಲ್ಕು ಪಾಯಿಂಟ್ ಮುಂದಿದ್ದರು, ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ, ಚೆಂಡು ಅವರ ಬಳಿಯೇ ಇತ್ತು. ಅಂಥ ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಸುಮ್ಮನೆ ಮೊಣಕಾಲೂರಿದರೆ ಸಾಕು, ಗಡಿಯಾರ ಓಡಿ ಆಟ ಮುಗಿಯುತ್ತದೆ. ಯೋರಾನ್ ಆಗಲೇ ಪಕ್ಕದವರ ಕೈ ಕುಲುಕುತ್ತಿದ್ದ.

ಚೆಂಡು ಮೆಲ್ವಿನ್ ಕೈಗೆ ಬಂತು. ಅವನು ಮೊಣಕಾಲೂರಲಿಲ್ಲ. ಮೊದಲು ಬೆಂಚಿನ ಕಡೆ ತಿರುಗಿ ತಾಯಿಯನ್ನು ನೋಡಿದ. ಕ್ಲೋಟಿಲ್ಡಾ ಅವನನ್ನು ನೋಡುತ್ತಿರಲಿಲ್ಲ. ಅವರ ಮುಖ ಮೈದಾನದ ನಡುವಿನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗುತ್ತಿತ್ತು, ಓಡುವವನೊಬ್ಬನ ಬೆನ್ನು ಹತ್ತಿದ ಹಾಗೆ. ಮೆಲ್ವಿನ್ ಆ ಮುಖವನ್ನು ನೋಡಿದ, ಅದು ತಿರುಗಿದ ಕಡೆ ನೋಡಿದ. ಇಬ್ಬರ ನೋಟವೂ ಒಂದೇ ಕಡೆಗಿತ್ತು.

ಅವನು ಎಸೆದ.

ನಲವತ್ತೊಂದರ ಭುಜದಿಂದ ಅಂಥ ಚೆಂಡು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಅದು ಏರಿತು, ಬಿಸಿಲಿನಲ್ಲಿ ಒಂದು ಕ್ಷಣ ನಿಂತಂತೆ ಕಂಡು, ಮೈದಾನದ ನಟ್ಟನಡುವಿನ ಖಾಲಿ ಹುಲ್ಲಿಗೆ ಇಳಿಯತೊಡಗಿತು. ತಂಡದವರು ಬಾಯಿ ತೆರೆದು ನಿಂತರು. ಎದುರಾಳಿಯ ಕೊನೆಯ ಕಾವಲುಗಾರ, ಹೊಂಬಣ್ಣದ ಕೂದಲಿನ ತರುಣ, ಅದರ ಕೆಳಗೆ ಓಡಿಬಂದ. ಚೆಂಡು ಅವನ ಎದೆಗೇ ಬರುತ್ತಿತ್ತು; ಮಗು ಕೂಡ ಹಿಡಿಯಬಹುದಿತ್ತು. ಕೊನೆಯ ಗಳಿಗೆಯಲ್ಲಿ ಅವನು ಥಟ್ಟನೆ ಪಕ್ಕಕ್ಕೆ ಸರಿದು ನಿಂತ. ಬಿಸಿಲು ಕಣ್ಣಿಗೆ ಹೊಡೆಯಿತು, ಯಾರೋ ಅಡ್ಡ ಬಂದ ಹಾಗಾಯಿತು ಎಂದು ಆಮೇಲೆ ತನ್ನವರಿಗೆ ಹೇಳಿದನಂತೆ. ಚೆಂಡು ಹುಲ್ಲಿಗೆ ಬಿದ್ದು ಎರಡು ಸಲ ಪುಟಿದು ಉರುಳಿಹೋಯಿತು.

ಕ್ಲೋಟಿಲ್ಡಾ ಎದ್ದು ನಿಂತಿದ್ದರು. ಕಂಬಳಿ ಕಾಲ ಬಳಿ ಬಿದ್ದಿತ್ತು.

“ಹಿಡಿದ,” ಅವರು ಪಿಸುಗುಟ್ಟಿದರು. ಸ್ವಲ್ಪ ತಡೆದು, “ಬೀಳ್ಲಿಲ್ಲ ಭಾನು. ಈ ಸಲ ಬೀಳ್ಲಿಲ್ಲ. ಓಡಿಯೇ ಹೋದ.”

ಅವರ ಕಣ್ಣು ಮೈದಾನದ ಆಚೆಯ ಬೇಲಿಯವರೆಗೆ, ಬೇಲಿಯಾಚೆಯ ಬರ್ಚ್ ಮರಗಳವರೆಗೆ ಹೋಗಿ, ಅಲ್ಲಿ ಹುಡುಕಾಡಿ, ಬರಿದಾಗಿ ಹಿಂದಕ್ಕೆ ಬಂತು.

ಚೆಂಡು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಉಳಿದ ಕೆಲವು ಕ್ಷಣಗಳಿಗೆ ಚೆಂಡನ್ನು ಅತ್ತ ಬಿಟ್ಟುಕೊಡಬೇಕಾಗಿ ಬಂದು ಎದುರಾಳಿಗಳಿಗೆ ಇನ್ನೊಂದು ಅವಕಾಶ ಸಿಕ್ಕಿತು, ಅವರು ಅದನ್ನು ಬಿಡಲಿಲ್ಲ. ಕಾರ್ಮರಂಟ್ಸ್ ಸೋತಿತು. ಯೋರಾನ್ ಆ ದಿನ ಮೊದಲ ಬಾರಿಗೆ ಜೋರಾಗಿ ಕೂಗಾಡಿದ. ಮೆಲ್ವಿನ್ ಹೆಲ್ಮೆಟ್ ತೆಗೆದು ಅವನ ಕೈಗಿಟ್ಟು, ಕಾರಿನತ್ತ ನಡೆದ.

ಕಾರಿನ ಬಳಿ ತಾಯಿ ಮಗ ಕೊಂಕಣಿಯಲ್ಲಿ ಮಾತಾಡಿದರು. ಹಿಂದಿನ ಸೀಟಿನಲ್ಲಿ ಕೂತಿದ್ದ ಭಾನುಮತಿಗೆ ಗೊತ್ತಾದದ್ದು ಆಶ್ಲಿಯ ಹೆಸರೊಂದೇ. ಮೊದಲು ಮೆಲ್ವಿನ್ ಏನೋ ಹೇಳಿದ. ಕ್ಲೋಟಿಲ್ಡಾ ಅವನ ಎರಡೂ ಕೆನ್ನೆ ಹಿಡಿದು ಅವನ ಕಣ್ಣೊಳಗೆ ನೋಡಿದರು, ನರ್ಸ್ ನೋಡುವ ಹಾಗೆ. ಅವನು ಅತ್ತ. ಈಗ ತಬ್ಬಿಕೊಳ್ಳುತ್ತಾರೆ ಎಂದು ಭಾನುಮತಿ ಎಣಿಸಿದಳು. ಕ್ಲೋಟಿಲ್ಡಾ ಕೈ ತೆಗೆದರು. ತಿರುಗಿ, ಬಸ್ ಸ್ಟಾಪಿನತ್ತ ಒಬ್ಬರೇ ನಡೆದುಹೋದರು.

ಆಮೇಲೆ ಅವರು ಮಗನ ಜೊತೆ ಮಾತು ಬಿಟ್ಟರು. ಅವನು ಬರುವ ಹೊತ್ತಿಗೆ ಊಟ ಮೇಜಿನ ಮೇಲಿರುತ್ತಿತ್ತು, ಅವರು ಕೋಣೆಯಲ್ಲಿರುತ್ತಿದ್ದರು. ಮಾಲ್ಮೊದ ಹುಡುಗ ಬಂದ, ತಂಡ ಉಳಿದ ಸ್ನೇಹಪಂದ್ಯಗಳನ್ನು ಆಡಿತು. ಭಾನುವಾರಗಳಂದು ಕ್ಲೋಟಿಲ್ಡಾ ಹೋಗಿ ಮೇಲಿನ ಸಾಲಿನಲ್ಲಿ ಕೂತು ಬರುತ್ತಿದ್ದರು. ಒಂದು ದಿನ ಭಾನುಮತಿ ಜೊತೆಗೆ ಹೋದಳು. ಅರ್ಧ ಆಟ ಕಳೆದ ಮೇಲೆ ಅವರೇ ಬಾಯಿಬಿಟ್ಟರು.

“ಎಂಟು ವರ್ಷ ನೋಡಿದೆ ನಾನು. ಇವನು ಒಂದೇ ಚೆಂಡಿಗೆ ಕಳಿಸಿಬಿಟ್ಟ.”

“ಆಂಟಿ, ಅವರಿಗೆ ಇನ್ನೆಷ್ಟು ವರ್ಷ ಆಡಕ್ಕೆ ಆಗ್ತಿತ್ತು?”

“ಗೊತ್ತುಂಟು. ಎಲ್ಲ ಗೊತ್ತುಂಟು ನನಗೆ.” ಗಾಳಿಗೆ ಕಣ್ಣೀರು ಅಡ್ಡಕ್ಕೆ ಹರಿಯಿತು. “ಮೆಲ್ವಿನ್ ಹೇಳ್ತಾನೆ, ಅಮ್ಮಾ, ಅವನು ಹೋಗುವಾಗ ತಿರುಗಿ ನೋಡಿದ ಅಂತ. ನನಗೆ ಅದು ಕಾಣ್ಲಿಲ್ಲ. ಮರದ ಅಡ್ಡ ಹೋಗಿದ್ದ. ನಿಜವಾ ಸುಳ್ಳಾ, ಅದನ್ನು ಹೇಗೆ ಲೆಕ್ಕ ಹಾಕುದು ನೀನು?”

ಭಾನುಮತಿ ಅವರ ಕೈಯನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡಳು.

ನವೆಂಬರ್ ಮೊದಲ ಶನಿವಾರ ಆ ದೇಶದವರು ತಮ್ಮ ಸತ್ತವರ ಬಳಿ ಹೋಗುತ್ತಾರೆ. ನಾಲ್ಕು ಗಂಟೆಗೇ ಕತ್ತಲಾಗುವ ಹೊತ್ತಿನಲ್ಲಿ ಸ್ಮಶಾನದ ತುಂಬ ಮೇಣದ ಬತ್ತಿಗಳು. ಅಂದು ಮಧ್ಯಾಹ್ನ ಮೆಲ್ವಿನ್ ಭಾನುಮತಿಯ ಮನೆ ಬಾಗಿಲು ತಟ್ಟಿದ. ಕಾರಿನಲ್ಲಿ ಕ್ಲೋಟಿಲ್ಡಾ ಕೂತಿದ್ದರು, ಮಡಿಲಲ್ಲಿ ಒಂದು ಕಟ್ಟು ಬತ್ತಿ. “ಅಮ್ಮನಿಗೆ ದಾರಿ ಮರೆತುಹೋಗಿದೆ,” ಎಂದ ಅವನು. “ನೀವೂ ಬನ್ನಿ ಅಂತ ಹೇಳ್ತಾಳೆ.”

ಆಶ್ಲಿಯನ್ನು ಹೂಳಿದ ದಿನದ ನಂತರ ಕ್ಲೋಟಿಲ್ಡಾ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಮಗ ಅಲ್ಲಿರಲಿಲ್ಲ, ಬೇರೆ ಕಡೆ ಓಡುತ್ತಿದ್ದ, ಇಲ್ಲಿಗೇಕೆ ಬರಬೇಕಿತ್ತು? ಒದ್ದೆ ಎಲೆಗಳ ಮೇಲೆ ಮೆಲ್ವಿನ್ ಮುಂದೆ ನಡೆದ. ಬೆನೆಡಿಕ್ಟರ ಕಲ್ಲಿನ ಪಕ್ಕದಲ್ಲೇ ಸಣ್ಣ ಕಲ್ಲು. ಕ್ಲೋಟಿಲ್ಡಾ ಬಗ್ಗಿ, ಪಾಚಿ ಕಟ್ಟಿದ ಅಕ್ಷರಗಳನ್ನು ಉಗುರಿನಿಂದ ಕೆರೆದರು. ಬಹಳ ಹೊತ್ತು ಕೆರೆದರು. ಕೊನೆಗೆ ಬತ್ತಿ ಹಚ್ಚಲು ನೋಡಿದರೆ ಸಮುದ್ರದ ಗಾಳಿ ಬಿಡಲಿಲ್ಲ. ಕಡ್ಡಿಯ ಮೇಲೆ ಕಡ್ಡಿ ಆರಿತು.

ಮೆಲ್ವಿನ್ ಮೊಣಕಾಲೂರಿ, ತನ್ನ ದೊಡ್ಡ ಅಂಗೈಗಳೆರಡನ್ನೂ ಬತ್ತಿಯ ಸುತ್ತ ಗೋಡೆಯಾಗಿ ಹಿಡಿದ. ಈಗ ಅದು ಹತ್ತಿಕೊಂಡಿತು.

“ಕೈ ತೆಗಿ ಪುತಾ, ಸುಡ್ತದೆ,” ಎಂದರು ಕ್ಲೋಟಿಲ್ಡಾ. ಎರಡು ತಿಂಗಳಿನ ಮೇಲೆ ಮಗನಿಗೆ ಅವರಾಡಿದ ಮೊದಲ ಮಾತುಗಳಲ್ಲಿ ಅದೊಂದು.

“ಇರ್ಲಿ ಅಮ್ಮ. ಗಾಳಿ ಉಂಟು.”

ಕ್ಲೋಟಿಲ್ಡಾ ಕೆಳಗೆ ಕೂತು, ಅವನ ಕೈಗಳ ಹೊರಗೆ ತಮ್ಮ ಕೈಗಳನ್ನಿಟ್ಟರು. ಭಾನುಮತಿ ಸ್ವಲ್ಪ ದೂರ ಸರಿದು, ಗೇಟಿನ ಬಳಿ ಅವರಿಗಾಗಿ ಕಾದಳು.